ಭಾವ ಕೂತಿರುವ ಕುರ್ಚಿ

ಶುಕ್ರವಾರ, ಸಂಜೆ

ಪ್ರೀತಿಯ ಅಕ್ಕಾ,

ಮೊದಲು ಭಾವನವರನ್ನು ಆ ಕುರ್ಚಿಯಿಂದ ಎಬ್ಬಿಸು, ಆಮೇಲೆ ಓದು. ನ್ಯಾಯಾಲಯ ನನ್ನ ದಿವಾಳಿ ಅರ್ಜಿಯನ್ನು ಒಪ್ಪಿಕೊಂಡಿದೆ. ಎರಡನೇ ಸಲೂನ್ ತೆರೆಯುವ ಹುಚ್ಚಿಗೆ ಮಾಡಿದ ಸಾಲದಲ್ಲಿ ಮುಕ್ಕಾಲು ಪಾಲು ಮನ್ನಾ. ಉಳಿದದ್ದನ್ನು ಸಣ್ಣ ಕಂತುಗಳಲ್ಲಿ ತೀರಿಸಿದರಾಯಿತು. ಹಳೆಯ ಅಂಗಡಿ ನನ್ನ ಕೈಯಲ್ಲೇ ಉಳಿಯಿತು. ಎಷ್ಟು ಹಗುರಾಗಿದೆ ಗೊತ್ತಾ? ಇವತ್ತು ಯಾರೋ ಬಾಗಿಲು ತಟ್ಟಿದಾಗ ನಾನು ಹಿತ್ತಿಲ ಕಡೆ ಓಡಲಿಲ್ಲ.

ಆದರೆ ಬೆಳಿಗ್ಗೆ ಜೀವ ಬಾಯಿಗೆ ಬಂದಿತ್ತು. ಜಪ್ತಿಯವರು ಅಪ್ಪನ ಕ್ಷೌರದ ಕುರ್ಚಿಯನ್ನು ಒಯ್ದುಬಿಟ್ಟಾರೆಂಬ ಭಯಕ್ಕೆ, ನೀನು ಬೇಡವೆಂದರೂ ಕೇಳದೆ ಅದನ್ನು ನಿನ್ನ ಮನೆಗೆ ಸಾಗಿಸಿ, ಆಸ್ತಿಯ ವಿವರದಲ್ಲಿ ಬರೆಯದೆ ಬಿಟ್ಟಿದ್ದೆನಲ್ಲ. ನಮ್ಮ ವಕೀಲಮ್ಮ ನ್ಯಾಯಾಲಯದ ಮೆಟ್ಟಿಲಲ್ಲೇ ತಡೆದು, ಕುರ್ಚಿ ಎಲ್ಲಿ ಎಂದು ಕೇಳಿದರು. ಆಸ್ತಿ ಮುಚ್ಚಿಟ್ಟದ್ದು ಗೊತ್ತಾದರೆ ಅರ್ಜಿಯೇ ವಜಾ ಆಗಿ ಅಷ್ಟೂ ಸಾಲ ಮತ್ತೆ ತಲೆಯ ಮೇಲೆ ಬೀಳುತ್ತದೆ ಎಂದು ಚೆನ್ನಾಗಿ ಬೈದರು. ಆಮೇಲೆ ಹಣೆ ಚಚ್ಚಿಕೊಂಡರು.

"ಅಲ್ರೀ, ದುಡಿದು ತಿನ್ನೋ ಸಾಮಾನನ್ನ ಕಾನೂನೇ ಮುಟ್ಟಲ್ಲ. ಕತ್ತರಿ, ಕುರ್ಚಿ ಎಲ್ಲಾ ನಿಮ್ದೇ. ನಿಮ್ಮ ವಸ್ತು ನೀವೇ ಕದ್ದಿಟ್ಟಿದೀರಲ್ಲ."

ಒಳಗೆ ಹೋದವನೇ ಎದ್ದು ನಿಂತು ನಿಜ ಹೇಳಿಬಿಟ್ಟೆ. ಕುರ್ಚಿ ಈಗ ಎಲ್ಲಿದೆ ಎಂದು ನ್ಯಾಯಾಧೀಶರು ಕೇಳಿದರು. ಅಕ್ಕನ ಮನೆಯಲ್ಲಿ, ಭಾವ ಅದರಲ್ಲಿ ಕೂತು ಟಿವಿ ನೋಡುತ್ತಾರೆ ಎಂದೆ. ಅವರ ಮೀಸೆಯಡಿ ನಗು ಸುಳಿಯಿತು. ಗದರಿಸಿ, ವಿವರ ತಿದ್ದಿಸಿ, ಸಹಿ ಹಾಕಿದರು. ಆ ಮೀಸೆಗೆ ಸ್ವಲ್ಪ ಕತ್ತರಿ ಬೇಕಿತ್ತು, ಹೇಳುವ ಧೈರ್ಯ ಬರಲಿಲ್ಲ.

ಭಾನುವಾರ ಗಾಡಿ ತರುತ್ತೇನೆ. ಭಾವ ಮುನಿಸಿಕೊಂಡರೆ, ಇನ್ನು ಮೇಲೆ ಕ್ಷೌರ ಪುಕ್ಕಟೆ ಎಂದು ಹೇಳು. ಅವರ ತಲೆಯಲ್ಲಿ ಉಳಿದಿರುವ ಕೂದಲಿಗೆ ನನಗೇನೂ ನಷ್ಟವಾಗುವುದಿಲ್ಲ.

ಇವತ್ತಾದರೂ ಕಣ್ತುಂಬ ನಿದ್ದೆ ಮಾಡಲಿರುವ
ನಿನ್ನ ತಮ್ಮ

ತಾ.ಕ.: ಕುರ್ಚಿಯ ವಿಷಯ ಹೇಳಿದ್ದು ಯಾರೆಂದು ವಕೀಲಮ್ಮನನ್ನು ಕೇಳಿದೆ. ನಿನ್ನೆ ಯಾರೋ ಹೆಂಗಸು ಫೋನ್ ಮಾಡಿ, ಹೆಸರು ಹೇಳದೆ, ಅವನು ಪೆದ್ದ, ಹೇಗಾದರೂ ಉಳಿಸಿಕೊಡಿ ಎಂದು ಅತ್ತರಂತೆ. ಮಾತಿನುದ್ದಕ್ಕೂ ಹಿಂದೆ ಏನೋ ಕಿರುಗುಟ್ಟುತ್ತಿತ್ತಂತೆ. ಚಿಕ್ಕವಳಿದ್ದಾಗಿನಿಂದಲೂ ಅಳು ಬಂದಾಗ ನೀನು ಆ ಕುರ್ಚಿಯಲ್ಲಿ ಕೂತು ಎಡಕ್ಕೆ ಬಲಕ್ಕೆ ತಿರುಗುತ್ತೀಯ. ಅದಕ್ಕೆ ಎಣ್ಣೆ ಹಾಕಬೇಡ, ಅಕ್ಕಾ.