ಅಜ್ಜಿಯ ಕೆನ್ನೆ, ಒರಿಜಿನಲ್ ಕ್ವಾಲಿಟಿ

ಮಾರ್ಚ್ 4, ಬೆಳಿಗ್ಗೆ

ಮತ್ತೆ ಅದೇ ರಗಳೆ — ಫೋನ್ ಫುಲ್! ಮದುವೆಯಾಗಿ ಇನ್ನೂ ತಿಂಗಳು ತುಂಬಿಲ್ಲ. ಮದುವೆಯ ನಾಲ್ಕು ಫೋಟೋ ಬಿಟ್ಟರೆ ಇರುವುದೆಲ್ಲ ನನ್ನ ಸಾಹೇಬನ ಫೋಟೋ. ಹಲ್ಲುಜ್ಜುವ ಸಾಹೇಬ, ಆಕಳಿಸುವ ಸಾಹೇಬ... (ಗಂಡ ಅಂತ ಬರೆಯಲು ಇನ್ನೂ ನಾಚಿಕೆ!) ಒಂದನ್ನೂ ಅಳಿಸಲು ಮನಸ್ಸಿಲ್ಲ.

ಹಾಗಾಗಿ ಇಬ್ಬರಿಗೂ ಸೇರಿ ಕ್ಲೌಡ್‌ನಲ್ಲಿ ಒಂದೇ ಅಕೌಂಟ್. ಎಷ್ಟು ರೊಮ್ಯಾಂಟಿಕ್! ಅದು ಕೇಳಿತು — ಒರಿಜಿನಲ್ ಕ್ವಾಲಿಟಿ ಬೇಕೋ, ಜಾಗ ಉಳಿಸಬೇಕೋ?

"ಜಾಗ ಉಳಿಸೋದು ಒತ್ತು ಮೇಡಂ. ಕಣ್ಣಿಗೆ ವ್ಯತ್ಯಾಸ ಗೊತ್ತಾಗಲ್ವಂತೆ," ಅಂದ ಸಾಹೇಬ.

ಒತ್ತಿದೆ. ಎಲ್ಲ ಮೇಲೆ ಹೋಯಿತು. ಫೋನಿನಿಂದ ಎಲ್ಲ ಅಳಿಸಿದೆ. ಟ್ರ್ಯಾಶ್ ಕೂಡ ಖಾಲಿ. ಆಹಾ, ಹಗುರ!

ಮಾರ್ಚ್ 19

ಸಾಹೇಬನ ಅಜ್ಜಿ ಕೋಣೆಗೆ ಕರೆದು ಹಳೆಯ ಆಲ್ಬಂ ತೋರಿಸಿದರು. ಪ್ರತಿ ಫೋಟೋದಲ್ಲೂ ಎಡಗೈ ಕೆನ್ನೆಯ ಮೇಲೆ. ಅಲ್ಲೊಂದು ನಾಣ್ಯದಗಲದ ಸುಟ್ಟ ಕಲೆ ಇದೆ. ಹೊಸದಾಗಿ ಬಂದಾಗ ಹಲ್ಲುನೋವೇನೋ ಅಂದುಕೊಂಡಿದ್ದೆ!

"ನಿನ್ನ ಫೋನಲ್ಲಿ ತೆಗ್ದ ಮದುವೆ ಗ್ರೂಪ್ ಫೋಟೋದಲ್ಲಿ ಹಿಂದೆ ನಿಂತು ನಗ್ತಿದೀನಂತೆ. ಕೈ ಇಟ್ಕೊಳ್ಳೋದೇ ಮರ್ತಿದ್ದೆ ಕಣೇ. ನನ್ನ ಮುಖ ಮಾತ್ರ ದೊಡ್ಡದು ಮಾಡ್ಸಿ ಕೊಡ್ತೀಯಾ?"

ಅಜ್ಜಿ ನನ್ನನ್ನು ಕೇಳಿದ ಮೊದಲ ವಸ್ತು. ಕುಣಿದಾಡಿಬಿಟ್ಟೆ!

ಮಾರ್ಚ್ 22

ಸ್ಟುಡಿಯೋದವರು ಮುಖ ಹಿಗ್ಗಿಸಿ ನೋಡಿ ತಲೆ ಕೆರೆದುಕೊಂಡರು. "ಒರಿಜಿನಲ್ ಇಲ್ವಾ ಮೇಡಂ? ಕ್ಲೌಡಲ್ಲಿರೋದು ಹಿಂಡಿ ಇಟ್ಟಿರೋ ಕಾಪಿ. ದೊಡ್ಡದು ಮಾಡಿದ್ರೆ ಬೆಣ್ಣೆ ಬಳಿದಂಗಿರುತ್ತೆ."

ಆದರೂ ಪ್ರಿಂಟ್ ಹಾಕಿಸಿದೆ. ಅಜ್ಜಿ ಕಾಯುತ್ತಿದ್ದರಲ್ಲ!

ಅತ್ತೆ ಚಪ್ಪಾಳೆ ತಟ್ಟಿದರು. "ಅಯ್ಯೋ, ಎಷ್ಟು ನುಣುಪು! ಕಲೆಯೇ ಇಲ್ಲ!"

ಅಜ್ಜಿ ಕನ್ನಡಕ ಹಾಕಿ ಕಿಟಕಿಯ ಬಳಿ ಹೋದರು. ಚಿತ್ರದ ಕೆನ್ನೆಯನ್ನು ಬೆರಳಿಂದ ಉಜ್ಜಿದರು.

"ಚೆನ್ನಾಗಿದಾಳೆ. ಯಾರಿವಳು?"

ಪ್ರಿಂಟನ್ನು ನನ್ನ ಕೈಗಿಟ್ಟು ತಮ್ಮ ಕೆನ್ನೆಯ ಕಲೆ ಮುಟ್ಟಿಕೊಂಡರು.

"ನಮ್ಮ ಇಸ್ತ್ರಿ ಅಂಗಡಿ ಶುರುವಾದಾಗ ನಿನ್ನಷ್ಟೇ ವಯಸ್ಸು ನಂಗೆ. ಇಸ್ತ್ರಿ ಪೆಟ್ಟಿಗೆಯಿಂದ ಕೆಂಡ ಸಿಡೀತು. ಆವತ್ತಿಂದ ಮುಚ್ಕೊಂಡೇ ಬಂದೆ. ಮುಚ್ಚದೆ ನಕ್ರೆ ಹೇಗೆ ಕಾಣ್ತೀನಿ ಅಂತ ಒಂದ್ಸಲ ನೋಡ್ಬೇಕಿತ್ತು... ಅಷ್ಟೇ."

ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ.

ಮಾರ್ಚ್ 29

ಇಷ್ಟು ದಿನ ಬರೆಯಲು ಮುಖವಿರಲಿಲ್ಲ. ನೆಂಟರ, ಗೆಳತಿಯರ ಫೋನೆಲ್ಲ ಜಾಲಾಡಿದೆ. ಎಲ್ಲರ ಬಳಿ ಇರುವುದು ನಾನೇ ಗ್ರೂಪಿಗೆ ಕಳಿಸಿದ್ದು — ಇನ್ನೂ ಚಿಕ್ಕದು! ಕ್ಲೌಡ್‌ನವರಿಗೆ ಸಾಹೇಬ ಬರೆದ. ಉತ್ತರ ತುಂಬಾ ವಿನಯದ್ದು: ಕುಗ್ಗಿಸಿದ್ದನ್ನು ಮತ್ತೆ ಮೊದಲಿನಂತೆ ಮಾಡಲಾಗದು.

"ಒತ್ತು ಅಂದಿದ್ದು ನಾನು."

"ಒತ್ತಿದ್ದು ನಾನಲ್ವಾ!"

ನಮ್ಮ ಮೊದಲ ಜಗಳ. ತಪ್ಪು ತನ್ನದೇ ಅಂತ ಇಬ್ಬರೂ.

ಮಾರ್ಚ್ 31, ಬೆಳಿಗ್ಗೆ

ಅಜ್ಜಿಗೆ ಎಲ್ಲ ಹೇಳಿಬಿಟ್ಟೆ. ಒಂದೇ ಉಸಿರಿಗೆ.

"ಫೋಟೋ ತಾನೇ ಹೋಗಿದ್ದು? ಮುಖ ಇಲ್ಲೇ ಇದೆಯಲ್ಲ. ತಾ ಆ ಫೋನು."

ಸೆಟ್ಟಿಂಗ್ ಬದಲಿಸಿದೆ — ಒರಿಜಿನಲ್. ಕ್ಲೌಡ್‌ನಲ್ಲಿದ್ದ ಆಕಳಿಸುವ ಸಾಹೇಬರನ್ನೆಲ್ಲ ಅಳಿಸಿದೆ. ಜಾಗವೋ ಜಾಗ!

ಅಜ್ಜಿ ಕಿಟಕಿಯ ಬೆಳಕಿಗೆ ಕೂತರು. ಕೈ ತಾನಾಗಿಯೇ ಕೆನ್ನೆಗೆ ಏರಿತು. ಅದು ತಾನೇ ಇಳಿಯಲಿ ಅಂತ ಫೋನ್ ಹಿಡಿದು ಕಾದೆ. ನನ್ನ ಬೆನ್ನ ಹಿಂದೆ ಸಾಹೇಬ ದೊಡ್ಡದಾಗಿ ಆಕಳಿಸಿದ.

"ಮುಚ್ಚೋ ಬಾಯಿ! ಲಾರಿ ತಿರುಗಿಸಬಹುದು ಅದ್ರೊಳಗೆ!"

ಅಜ್ಜಿ ನಕ್ಕರು. ಬೈಯಲು ಎತ್ತಿದ ಕೈ ಗಾಳಿಯಲ್ಲೇ ಇತ್ತು. ಒತ್ತಿದೆ.

ಹಿಗ್ಗಿಸಿದೆ. ಇನ್ನೂ ಹಿಗ್ಗಿಸಿದೆ. ಕಲೆಯ ಅಂಚು, ನಗುವಿಗೆ ಅದು ಮಡಿಚಿಕೊಂಡ ರೀತಿ — ಎಲ್ಲ ಇದೆ.

ಫೋನ್ ಈಗ ಅಜ್ಜಿಯ ಕೈಯಲ್ಲಿ. ಎಷ್ಟು ಹೊತ್ತಾಯಿತು, ಕೊಡುವ ಲಕ್ಷಣವೇ ಇಲ್ಲ. ಒಳಗಿನಿಂದ ಅವರೇ ಕೂಗುತ್ತಿದ್ದಾರೆ... ಸ್ಟುಡಿಯೋ ಎಷ್ಟೊತ್ತಿಗೆ ತೆಗೀತಾರೆ ಅಂತ —