ಆರಿಸಿದ ದೀಪದ ವಾಸನೆ

ಗುಂಡ್ಲುಪೇಟೆ
ತಾ. 28-4-1955, ಗುರುವಾರ

ಚಿರಂಜೀವಿ ಶಿವರುದ್ರಸ್ವಾಮಿಗೆ ನಿನ್ನ ತಾತನ ತುಂಬು ಆಶೀರ್ವಾದಗಳು.

ಹೇಗಿದ್ದೀಯಪ್ಪ? ಹಾಸ್ಟೆಲ್ಲಿನ ಊಟ ಹಿಡಿಸುತ್ತಿದೆಯೆ, ಇಲ್ಲ ಇನ್ನೂ ಸಾರಿನಲ್ಲಿ ಮುಖ ನೋಡಿಕೊಳ್ಳುತ್ತಿದ್ದೀಯೊ? ಡಾಕ್ಟರಾಗುವ ಮೊದಲೇ ರೋಗಿಯಾಗಬೇಡ, ಪರೀಕ್ಷೆ ಹತ್ತಿರ ಬಂತೆಂದು ನಿದ್ದೆ ಕೆಡಬೇಡ. ಎಣ್ಣೆಸ್ನಾನ ತಪ್ಪಿಸಬೇಡ. ಹೆಣ ಕೊಯ್ದ ಕೈಯಲ್ಲೇ ಊಟಕ್ಕೆ ಕೂರುತ್ತಾನೇನೊ ಎಂದು ನಿನ್ನ ಅಜ್ಜಿಗೆ ದಿನವೂ ಚಿಂತೆ. ಸೀಗೆಪುಡಿ ಹಾಕಿ ತೊಳೆಯುತ್ತಾನೆ ಎಂದು ನಾನೇ ಹೇಳಿಬಿಟ್ಟಿದ್ದೇನೆ, ಕೇಳಿದರೆ ನೀನೂ ಹಾಗೇ ಹೇಳು. ಅಜ್ಜಿ ಗಟ್ಟಿಯಾಗಿದ್ದಾಳೆ. ನಿನ್ನ ತಂಗಿ ಗುರುಮಲ್ಲಿ ಮಿಡ್ಲ್ ಸ್ಕೂಲು ಪಾಸು ಮಾಡಿದಳು, ಅವಳ ವಿಷಯ ಆಮೇಲೆ ಬರೆಯುತ್ತೇನೆ. ನಾನು ಮಾತ್ರ ಚೆನ್ನಾಗಿಲ್ಲ. ಇದನ್ನು ಮನೆಯಲ್ಲಿ ಯಾರಿಗೂ ಹೇಳಿಲ್ಲ, ನಿನಗೊಬ್ಬನಿಗೇ ಹೇಳುತ್ತಿದ್ದೇನೆ.

ಯುಗಾದಿಗೆ ಮುಂಚೆ ಬೆಣ್ಣೆ ಕೊಳ್ಳಲು ಸಂತೆಮರಹಳ್ಳಿ ಸಂತೆಗೆ ಹೋದವನು ಬಸ್ಸಿನ ಮೆಟ್ಟಿಲು ಜಾರಿ ಅಂಗಾತ ಬಿದ್ದೆ ಎಂದು ಬರೆದಿದ್ದೆನಲ್ಲ. ಹಿಂದಲೆ ಕಲ್ಲಿಗೆ ಬಡಿದು ಸ್ವಲ್ಪ ಹೊತ್ತು ಜ್ಞಾನವೇ ಇರಲಿಲ್ಲ. ಊತ ಇಳಿಯಿತು, ಗಾಯ ಮಾಯಿತು, ಕಂಟಕ ಅಲ್ಲಿಗೆ ಕಳೆಯಿತು ಎಂದುಕೊಂಡೆ. ಆಮೇಲೊಂದು ದಿನ ನಮ್ಮ ಅಂಗಡಿಯಲ್ಲಿ ತುಪ್ಪ ಕೊಂಡವರು ಡಬ್ಬವನ್ನು ವಾಪಸು ತಂದು, 'ಏನ್ ಮರಿಮಲ್ಲಪ್ನೋರೆ, ನಮ್ಗ ಕಮಟು ತುಪ್ಪ ಕೊಟ್ಬುಟ್ಟಿರಲ್ಲ' ಎಂದರು. ಡಬ್ಬವನ್ನು ಮೂಗಿನ ಹತ್ತಿರ ಹಿಡಿದೆ. ಕಮಟೂ ಇಲ್ಲ, ಘಮವೂ ಇಲ್ಲ, ನೀರು ಮೂಸಿದ ಹಾಗಿತ್ತು. ಇಷ್ಟು ವರ್ಷ ಮೂಗನ್ನೇ ನಂಬಿ ವ್ಯಾಪಾರ ಮಾಡಿದವನು ನಾನು.

ನೆಗಡಿ ಇರಬೇಕೆಂದು ಕಷಾಯ ಕುಡಿದೆ. ನೆಗಡಿ ಇದ್ದರೆ ತಾನೆ ಹೋಗುವುದು! ಒಂದು ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಕೂತಿದ್ದೆ. ನಿನ್ನ ಅಜ್ಜಿ ದೀಪ ಆರಿಸಿ, 'ಅಯ್ಯ, ಬತ್ತಿ ಕಮರು ಮನೆಯೆಲ್ಲ ತುಂಬ್ಕತು, ಬಾಗ್ಲ ತಗೀರಿ' ಎಂದಳು. ಹೊಗೆ ನನ್ನ ಮುಖದ ಮುಂದೆಯೇ ಹಾದು ಹೋಯಿತು. ನನಗೆ ಏನೂ ಬರಲಿಲ್ಲ. ನೀನೂ ಕೇಳಿರಬೇಕು, ಆರಿಸಿದ ದೀಪದ ವಾಸನೆ ಯಾರ ಮೂಗಿಗೆ ಹತ್ತುವುದಿಲ್ಲವೊ ಅವನಿಗೆ ಇನ್ನು ಆರು ತಿಂಗಳ ಆಯಸ್ಸು ಎಂದು ಹಿರಿಯರು ಹೇಳುತ್ತಾರೆ. ನಮ್ಮಪ್ಪ ಹೇಳುತ್ತಿದ್ದ, ಅವನಿಗೆ ಅವನಪ್ಪ ಹೇಳಿದ್ದನಂತೆ. ನಗಬೇಡ. ಜನರ ಮುಂದಿದ್ದಾಗ ನಾನೂ ನಗುತ್ತೇನೆ. ಒಬ್ಬನೇ ಕೂತಾಗ ಭಯವಾಗುತ್ತದೆ.

ಹೋದ ದೀಪಾವಳಿಗೆ ಬಂದಾಗ ನೀನು ಅಡಿಗೆಮನೆಯಲ್ಲಿ ಹಿಟ್ಟು ಜರಡಿ ಹಿಡಿಯುವ ಒಂದರಿ ಎತ್ತಿ ಹಿಡಿದು ಅಜ್ಜಿಗೆ ಪಾಠ ಹೇಳಿದ್ದು ನೆನಪಿದೆಯೆ? ಮೂಗಿನ ನೆತ್ತಿಯಲ್ಲಿ, ಎರಡು ಕಣ್ಣುಗಳ ನಡುವೆ, ಒಂದರಿಯ ಹಾಗೆ ತೂತು ತೂತಾದ ಒಂದು ಚಿಕ್ಕ ಮೂಳೆ ಇದೆ. ಕೂದಲಿಗಿಂತ ಸಣ್ಣ ನರಗಳು ಆ ತೂತುಗಳಲ್ಲಿ ತೂರಿ, ಮಿದುಳಿನ ಅಡಿಯಲ್ಲಿ ಹೆಸರುಕಾಳಿನ ಮೊಳಕೆಯಂತಿರುವ ಎರಡು ಗಂಟುಗಳನ್ನು ಸೇರುತ್ತವೆ ಎಂದೆ. ನಾಲಿಗೆಗೆ ಉಪ್ಪು, ಹುಳಿ, ಸಿಹಿ, ಕಹಿ ಬಿಟ್ಟರೆ ಬೇರೇನೂ ತಿಳಿಯದು, ಅದರ ನರಗಳ ದಾರಿಯೇ ಬೇರೆ, ಉಳಿದ ರುಚಿಯೆಲ್ಲ ಮೂಗಿನದು ಎಂದೆ. 'ಹಂಗಾದ್ರ ನಾನು ಇಷ್ಟ್ ವರ್ಸ ನಿಮ್ ತಾತನ ಮೂಗ್ಗ ಅಡ್ಗ ಮಾಡ್ದಿ ಅನ್ನು' ಎಂದು ಅವಳು ಹಿಟ್ಟಿನ ಕೈಯಲ್ಲೇ ನಿನ್ನ ಕಿವಿ ಹಿಂಡಿದಳು. ಈಗ ಆ ಪಾಠವನ್ನು ನನ್ನ ಮೇಲೇ ಪ್ರಯೋಗಿಸಿ ನೋಡಿದೆ. ಉಪ್ಪು ತಿಳಿಯುತ್ತದೆ, ಹುಣಿಸೆಹಣ್ಣು ತಿಳಿಯುತ್ತದೆ, ಬೆಲ್ಲ, ಬೇವು ಎಲ್ಲ ತಿಳಿಯುತ್ತದೆ. ಕೊತ್ತಂಬರಿ ಸೊಪ್ಪು ಮಾತ್ರ ಬರೀ ಹುಲ್ಲು, ಇಂಗು ಬರೀ ಕಹಿ. ಸದ್ಯ, ಬಿದ್ದ ಏಟಿಗೆ ಒಂದರಿಯೊಳಗಿನ ಎಳೆಗಳು ಹರಿದಿರಬೇಕು ಎಂದು ಸಮಾಧಾನ ಮಾಡಿಕೊಂಡೆ. ಆದರೆ ನಶ್ಯ ಏರಿಸಿದೆ ನೋಡು, ಚುರ್ ಎಂದಿತು! ಕಣ್ಣಲ್ಲಿ ನೀರು ಬಂತು, ಸೀನೂ ಬಂತು. ನರ ಹರಿದಿದ್ದರೆ ಈ ಉರಿ ಹೇಗೆ ತಿಳಿಯಿತು? ಉರಿಗೆ ಬೇರೆ ನರ ಇದೆಯೆ? ಇದ್ದರೆ ಅವತ್ತು ನೀನು ಹೇಳಲಿಲ್ಲ. ಇಲ್ಲದಿದ್ದರೆ ನನ್ನ ಮೂಗು ನೆಟ್ಟಗಿದೆ, ಮುಗಿದಿರುವುದು ಆಯಸ್ಸು. ಊಟಕ್ಕೆ ಕೂತರೂ ಇದೇ ಯೋಚನೆ, ಅಂಗಡಿಯಲ್ಲಿ ಕೂತರೂ ಇದೇ.

ಮಿಕ್ಕ ಇಂದ್ರಿಯಗಳ ಸುದ್ದಿ ಮಿದುಳಿನಲ್ಲಿ ಒಂದು ಕಡೆ ನಿಂತು ಮುಂದೆ ಹೋಗುತ್ತದೆ, ವಾಸನೆ ಮಾತ್ರ ಹಾಗೆ ನಿಲ್ಲದೆ ದುಃಖ ಸಂತೋಷ ಹುಟ್ಟುವ ಜಾಗಕ್ಕೆ ನೇರ ಹೋಗುತ್ತದೆ ಎಂದೂ ನೀನು ಹೇಳಿದ್ದೆ. ಆಗ ಅದು ನನಗೆ ಅರ್ಥವಾಗಿರಲಿಲ್ಲ. ಮೊನ್ನೆ ಪೆಟ್ಟಿಗೆ ತೆಗೆದು ನಿಮ್ಮಪ್ಪನ ಕೋಟು ಹೊರಗೆ ತೆಗೆದೆ. ನಿಮ್ಮಪ್ಪ ಅವ್ವ ಇಬ್ಬರೂ ಹೋದ ಮೇಲೆ ವರ್ಷಕ್ಕೊಂದು ಸಲ ಅದನ್ನು ಬಿಸಿಲಿಗೆ ಹಾಕುವ ನೆಪದಲ್ಲಿ ಮೂಸಿ ನೋಡುತ್ತಿದ್ದೆ, ಹೊಗೆಸೊಪ್ಪು, ಬೆವರು ಎಲ್ಲ ಸೇರಿ ಮಗ ಎದುರು ಬಂದ ಹಾಗಾಗುತ್ತಿತ್ತು. ಮೊನ್ನೆ ಅದು ಬರೀ ಕೋಟು. ಅತ್ತುಬಿಟ್ಟೆ ಕಣಪ್ಪ.

ಈಗ ಗುರುಮಲ್ಲಿಯ ವಿಷಯ. ಆರು ತಿಂಗಳಲ್ಲಿ ನಾನು ಹೋಗಿಬಿಟ್ಟರೆ ಅವಳಿಗೆ ಯಾರು? ನೀನು ಇನ್ನೂ ಓದುವ ಹುಡುಗ. ಚಾಮರಾಜನಗರದ ಅರಿಶಿನದ ವ್ಯಾಪಾರಿ ಚಿಕ್ಕಬಸವಯ್ಯನವರು ತಮ್ಮ ಮಗನಿಗೆ ಕೇಳಿದರು, ಒಪ್ಪಿಕೊಂಡೆ. ಬರುವ ಸೋಮವಾರ ವೀಳ್ಯಶಾಸ್ತ್ರ. ಹೈಸ್ಕೂಲು ಬೇಡಮ್ಮ ಎಂದೆ. ಅವಳು ಎದುರಾಡಲಿಲ್ಲ, ಜೋಡಿಸಿಟ್ಟಿದ್ದ ಹೈಸ್ಕೂಲಿನ ಹಳೇ ಪುಸ್ತಕಗಳನ್ನು ಪಕ್ಕದ ಮನೆ ಹುಡುಗಿಗೆ ಕೊಟ್ಟುಬಂದಳು. ಜಗಳವಾಡಿದ್ದರೆ ವಾಸಿಯಿತ್ತು. ಆದ್ದರಿಂದ ಸೋಮವಾರದೊಳಗೆ ನನಗೆ ಉತ್ತರ ಬೇಕು. ಹರಿದಿರುವುದು ನರವೊ, ಆಯಸ್ಸೊ? ನಿಮ್ಮ ಮೇಷ್ಟ್ರನ್ನೂ ಕೇಳು. ನರವಾದರೆ ವೀಳ್ಯ ನಿಲ್ಲಿಸುತ್ತೇನೆ, ಹುಡುಗಿ ಓದಲಿ. ತಂತಿ ಮಾತ್ರ ಕೊಡಬೇಡ, ತಂತಿ ಎಂದರೆ ನಿನ್ನ ಅಜ್ಜಿ ಒಡೆಯುವ ಮೊದಲೇ ಎದೆ ಬಡಿದುಕೊಳ್ಳುತ್ತಾಳೆ. ಈ ಕಾಗದ ತರುವ ಬಸ್ಸಿನ ಕಂಡಕ್ಟರ್ ಬೆಟ್ಟಯ್ಯನ ಕೈಯಲ್ಲೇ ಉತ್ತರ ಕೊಟ್ಟು ಕಳಿಸು.

ಮಲೆಯ ಮಾದಪ್ಪ ನಿನ್ನ ಕೈಗೆ ಒಳ್ಳೆಯ ಗುಣ ಕೊಡಲಿ, ನೂರು ಕಾಲ ಬಾಳು.

ಇಂತು ನಿನ್ನ ತಾತ
ಮರಿಮಲ್ಲಪ್ಪ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ನಿನ್ನ ಅಜ್ಜಿ ಊಟಕ್ಕೆ ಕರೆದಳು. ದಿನವೂ ಹೇಳುವ ಹಾಗೆ, ಒಗ್ಗರಣೆ ಘಮ್ಮೆನ್ನುತ್ತಿದೆ ಎಂದೆ. ಸೌಟು ಕೆಳಗಿಟ್ಟಳು. 'ಇವತ್ತು ಒಗ್ಗರಣೆಯೇ ಆಕಿಲ್ಲ, ಎಲ್ಲಿಂದ ಬಂತು ಘಮ?' ಎಂದಳು. ಬಹಳ ದಿನದಿಂದ ಅನುಮಾನವಿತ್ತಂತೆ. ದೀಪದ ಮಾತನ್ನೂ ಹೇಳಿಬಿಟ್ಟೆ. ಮೊದಲು ಅತ್ತಳು, ಆಮೇಲೆ ರೇಗಿದಳು. 'ಸಾಯದಾದ್ರ ನನ್ಗ ಯೋಳ್ಬುಟ್ಟು ಸಾಯ್ರಿ. ನಿಮ್ ಆಯಸ್ಸು ಮುಗುದ್ರ ಆ ಕೂಸಿನ ಓದು ಯಾಕ ಮುಗೀಬೇಕು?' ವೀಳ್ಯ ಬೇಡವೆಂದು ಹೇಳಿಬರಲು ಪಕ್ಕದ ಮನೆ ಮಾದೇವನನ್ನು ಚಾಮರಾಜನಗರದ ಬಸ್ಸು ಹತ್ತಿಸಿಯೂ ಆಯಿತು. ಈಗ ಜಗುಲಿಯಲ್ಲಿ ಕೂತು ದೀಪದ ಬತ್ತಿಯನ್ನು ನೋಡುತ್ತಿದ್ದಾಳೆ. ಇನ್ನು ನಿನ್ನ ಉತ್ತರ ನನಗಲ್ಲ, ಅವಳಿಗೆ. ದಪ್ಪ ಅಕ್ಷರದಲ್ಲಿ ಬರಿ, ಗುರುಮಲ್ಲಿ ಓದಿ ಹೇಳುತ್ತಾಳೆ. ನರ ಹರಿದಿದ್ದರೆ ಹರಿದಿದೆ ಎಂದು ಬರಿ. ಹರಿಯದಿದ್ದರೂ ಹರಿದಿದೆ ಎಂದೇ ಬರಿ.