ಮುತ್ತಜ್ಜನ ಉಯಿಲು ತಂದವನ ರುಜು

೧೪ ಮಾರ್ಚ್, ಮಂಗಳವಾರ

ಮುತ್ತಜ್ಜ ಉಯಿಲು ಬರೆಯದೆ ಸತ್ತನೆಂಬುದನ್ನು ನಾನು ಎಂದೂ ನಂಬಲಿಲ್ಲ. ಆದರೆ ನಾಲ್ಕು ಸಲ ಕೋರ್ಟಿನ ದಾಖಲೆ ಕೋಣೆಗೆ ಅಲೆದು ಅವನ ಹೆಸರನ್ನೇ ಹುಡುಕಿದೆನಲ್ಲ, ಪೆದ್ದಿ! ಇವತ್ತು ಗುಮಾಸ್ತರು ಕನಿಕರಿಸಿದರು. “ಸತ್ತವರು ಕೋರ್ಟಿಗೆ ಬರ್ತಾರೇನಮ್ಮಾ? ಉಯಿಲು ತಂದು ಅರ್ಜಿ ಹಾಕ್ದೋರು ಯಾರು ಹೇಳಿ. ಪಟ್ಟಿ ಇರೋದು ಅವರ ಹೆಸರಲ್ಲಿ.” ತೋಚಿದ್ದು ಅಜ್ಜಿಯ ಅಣ್ಣನ ಹೆಸರು. ಹತ್ತೇ ನಿಮಿಷದಲ್ಲಿ ಕಡತ ಸಿಕ್ಕಿತು.

‘ಗಂಡನನ್ನು ಕಳೆದುಕೊಂಡ ನನ್ನ ಮಗಳು ಬದುಕಿರುವವರೆಗೆ ಮಹಡಿಯ ಕೋಣೆ ಅವಳದು. ಅವಳನ್ನು ಯಾರೂ ಎಬ್ಬಿಸಕೂಡದು.’

ಆ ಮಗಳನ್ನು, ನನ್ನ ಅಜ್ಜಿಯನ್ನು, ಎಬ್ಬಿಸಿದವನು ಅದೇ ಅಣ್ಣ. “ಅಪ್ಪ ಏನೂ ಬರ್ದಿಟ್ಟಿಲ್ಲ, ಅವಳೇ ಜಂಬ ಮಾಡ್ಕೊಂಡು ಮನೆ ಬಿಟ್ಲು” ಎಂದು ಸಾಯುವವರೆಗೂ ಸಾರಿದ. ಉಯಿಲನ್ನು ಕೋರ್ಟಿಗೆ ತಂದು ರುಜು ಹಾಕಿದವನೂ ಅವನೇ!

“ಹೋಗ್ಲಿ ಬಿಡಕ್ಕಾ, ಎಲ್ಲಾ ಸತ್ತು ಮಣ್ಣಾದ್ರು,” ಎಂದ ತಮ್ಮ, ಫೋನಿನಲ್ಲಿ.

“ಅಮ್ಮ ಇದ್ದಾಳಲ್ಲೋ!”

ತೊಂಬತ್ತೊಂದರ ಅಮ್ಮ ಇಂದಿಗೂ ತನ್ನ ತಾಯಿಯನ್ನೇ ದೂರುತ್ತಾಳೆ, ಹಟ ಮಾಡಿ ಮಕ್ಕಳನ್ನು ಬೀದಿಗೆ ತಂದಳೆಂದು. ದೃಢೀಕೃತ ನಕಲು ಬರಲು ತಿಂಗಳಾಗುತ್ತದಂತೆ. ಅಷ್ಟು ದಿನ ಕಾಯಲಾರೆ. ಆ ಸಾಲನ್ನು ಬರೆದುಕೊಂಡು ಬಂದಿದ್ದೇನೆ. ಬೆಳಿಗ್ಗೆ ಅವಳ ಕಿವಿಗೆ ಬಾಯಿಟ್ಟು ಓದುತ್ತೇನೆ. ಕೇಳಿಸದಿದ್ದರೆ ಮತ್ತೆ ಓದುತ್ತೇನೆ. ನಂಬದಿದ್ದರೆ ಗಾಡಿ ಮಾಡಿಕೊಂಡು ಅವಳನ್ನೇ ಆ ದಾಖಲೆ ಕೋಣೆಗೆ ಕರೆದೊಯ್ದು, ಅವಳ ಸೋದರಮಾವನ ರುಜುವಿನ ಮೇಲೆ ಅವಳ ಬೆರಳಿಡಿಸುತ್ತೇನೆ.